ಹತ್ತಿರದವನು 42 ಕಿಲೋಮೀಟರ್

ಊರಲ್ಲಿ ಕೂತು ಡೇಟಿಂಗ್ ಆ್ಯಪ್ ತೆರೆದರೆ ನಮಗೆ ಹತ್ತಿರದವನೇ 42 ಕಿಲೋಮೀಟರ್ ದೂರ. ಅವನ ಮುಖವಿಲ್ಲ, ತೆಂಗಿನ ತೋಟದ ಫೋಟೋ. ನಮ್ಮದೂ ಬೈಕಿನ ಫೋಟೋನೇ ಬಿಡಿ. ಎರಡು ವಾರ ಮಾತಾಡಿ, ಭಾನುವಾರ ತಾಲ್ಲೂಕು ಬಸ್‌ಸ್ಟ್ಯಾಂಡಿನಲ್ಲಿ ಸಿಗೋಣ ಅಂತಾಗುತ್ತದೆ. ಇಸ್ತ್ರಿ ಅಂಗಿ ತೊಟ್ಟು ಹೋಗುತ್ತೇವೆ. ದೂರದಿಂದಲೇ ನೋಡಿ ಹೋದನೋ, ಪರಿಚಯದವರು ಎದುರಾದರೋ, ಅಷ್ಟರಲ್ಲಿ ನಮ್ಮನ್ನು ಬ್ಲಾಕ್ ಮಾಡಿರುತ್ತಾನೆ. ವಾಪಸ್ ಬಸ್ಸಿನಲ್ಲಿ ನಮ್ಮ ಬಣ್ಣ, ಹಲ್ಲು, ದನಿ, ನಡಿಗೆ ಎಲ್ಲದರಲ್ಲೂ ಕೊರತೆ ಹುಡುಕುತ್ತಾ ಬರುತ್ತೇವೆ. ಮನೆಯಲ್ಲಿ ಅವ್ವ ಹುಡುಗಿಯ ಜಾತಕ ಹಿಡಿದು ಕೂತಿರುತ್ತಾಳೆ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ನಾವು ಅಪರಾಧಿಗಳಲ್ಲ ಎಂದಿತು. 2023ರಲ್ಲಿ ಮದುವೆಯ ಹಕ್ಕು ಕೊಡಲು ಒಪ್ಪಲಿಲ್ಲ. ಮೊದಲನೆಯದು ಸಣ್ಣ ಸಂಗತಿಯಲ್ಲ, ಆದರೆ ಜಾತಕ ಹಿಡಿದ ಅವ್ವನಿಗೆ ತೀರ್ಪು ಓದಿ ಹೇಳುವುದು ಹೇಗೆ?

ನಮಗೆ ಮೊದಲು ಸಿಕ್ಕ ಜೊತೆ ವಸುಧೇಂದ್ರರ 'ಮೋಹನಸ್ವಾಮಿ'. 2013ರಲ್ಲಿ ಬಂದ ಕಥೆಗಳು. ರಿಜಿಸ್ಟರಿನಲ್ಲಿ ಹೆಸರು ಬರೆಸಲು ಹೆದರಿ, ಲೈಬ್ರರಿಯ ಕಪಾಟಿನ ಮರೆಯಲ್ಲಿ ನಿಂತೇ ಓದಿದೆವು. ಅವನನ್ನೂ ಪ್ರೀತಿಸಿದವನು ಬಿಟ್ಟು, ಹುಡುಗಿಯನ್ನು ಮದುವೆಯಾಗುತ್ತಾನೆ. ಅದೂ ನಮ್ಮದೇ ಕನ್ನಡದಲ್ಲಿ! ಓದಿದ ಮೇಲೆ ಹಲ್ಲು, ದನಿಯ ಲೆಕ್ಕಾಚಾರ ಕೊಂಚ ಕಡಿಮೆಯಾಯಿತು.

ಆ ಪ್ರತಿಯ ಒಂದು ಪುಟದಲ್ಲಿ ಯಾರೋ ಪೆನ್ಸಿಲಿನಿಂದ ಗೆರೆ ಎಳೆದಿದ್ದರು. ನಮ್ಮೂರಿನವನೇ ಇರಬೇಕು.