ನಮ್ಮ ದಾದಾ ಬಾಟ್ಲಿ ಬಿಟ್ಟ ಕಥೆ... ಇಂಟರ್‌ವಲ್‌ವರೆಗೆ!

ಚಿತ್ರರಸಿಕ ಗೆಳೆಯರೇ, ತೆರೆಯ ಮೇಲೆ ಕುಡುಕ ತೂರಾಡಿದರೆ ಮೊದಲು ಶಿಳ್ಳೆ ಹೊಡೀತಿದ್ದವನು ನಾನೇ! ಈಗ ಹೊಡೆಯೋದಿಲ್ಲ. ಯಾಕೆ ಅಂತೀರಾ? ಕೇಳಿ.

ನಮ್ಮೂರು ಸಿಂಧನೂರು ಹತ್ತಿರದ ಆರ್.ಎಚ್. ಕ್ಯಾಂಪ್. ಅಂದಿನ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿಗಳ ನೆಲೆ. ಮನೆಯಲ್ಲಿ ಬಂಗಾಳಿ, ಸಂತೆಯಲ್ಲಿ ಕನ್ನಡ, ಟಾಕೀಸಿನಲ್ಲಿ ಅಣ್ಣಾವ್ರು! ಅಣ್ಣನಿಗೆ ನಾವು 'ದಾದಾ' ಅಂತೀವಿ. ನನ್ನ ದಾದಾ ಭತ್ತದ ಗದ್ದೆಯಲ್ಲಿ ಎತ್ತಿನ ಹಾಗೆ ದುಡಿಯುವವ. ಸಂಜೆಯಾದರೆ ಮಾತ್ರ ಬೇರೆ ಮನುಷ್ಯ.

1992ರ 'ಜೀವನ ಚೈತ್ರ'ದಲ್ಲಿ ರಾಜ್‌ಕುಮಾರ್ ಸಾರಾಯಿ ವಿರುದ್ಧ ಸಿಡಿದೆದ್ದಾಗ ಪಕ್ಕದಲ್ಲೇ ಕೂತು ಕಣ್ಣೀರು ಹಾಕಿದ. ಅದೇ ರಾತ್ರಿ ಮತ್ತೆ ಕುಡಿದ! 2007ರ ಜುಲೈ 1ರಿಂದ ಸರ್ಕಾರ ಸಾರಾಯಿ ನಿಲ್ಲಿಸಿತು. ಮಾ ದೇವರಿಗೆ ದೀಪ ಹಚ್ಚಿದಳು. ದಾದಾ ಸಾರಾಯಿ ಬಿಟ್ಟ... ವಿಸ್ಕಿ ಪಾಕೀಟು ಹಿಡಿದ.

ನಾನೇನು ಮಾಡಿದೆ? ಅವನ ಅಂಗಡಿ ಸಾಲ ತೀರಿಸಿದೆ. ಕೆಲಸಕ್ಕೆ ಕರೆಯಲು ಬಂದವರಿಗೆ "ಜ್ವರ ಬಂದೈತ್ರಿ" ಅಂತ ಸುಳ್ಳು ಹೇಳಿದೆ. ಮಾ ತಲೆ ಮುಟ್ಟಿಸಿ ಆಣೆ ಹಾಕಿಸಿದೆ. ಕೊನೆಗೆ ಎರಡು ವರ್ಷದ ಹಿಂದೆ, ಹೀರೋ ತರಹ ಕೋಣೆಗೆ ಹಾಕಿ ಬೀಗ ಜಡಿದೆ!

ಎರಡನೇ ದಿನ ಅವನ ಕೈ ಗಡಗಡ ನಡುಗಿತು. ಮೈಯೆಲ್ಲ ಬೆವರು. ಆಮೇಲೆ ಫಿಟ್ಸ್! ಎತ್ತಿಕೊಂಡು ಆಸ್ಪತ್ರೆಗೆ ಓಡಿದೆವು. ಡಾಕ್ಟರು ನನಗೇ ಬೈದರು: "ಬಾಳ ವರ್ಷ ಕುಡಿದವರಿಗೆ ಒಮ್ಮಿಗೇ ನಿಲ್ಲಿಸಿದ್ರ ಜೀವಕ್ಕ ಅಪಾಯರೀ. ಇದು ಕಾಯಿಲೆ. ಔಷಧ ಕೊಟ್ಟು, ಕಣ್ಣಿಟ್ಟು ಬಿಡಿಸಬೇಕು. ಗೊತ್ತಿಲ್ಲದಂಗ ಊಟದಾಗ ಗುಳಿಗಿ, ಪುಡಿ ಕಲಸಾಕೂ ಹೋಗಬ್ಯಾಡ್ರಿ!"

ಚಿಕಿತ್ಸೆ ಆಯಿತು. ದಾದಾ ಎಂಟು ತಿಂಗಳು ಮುಟ್ಟಲಿಲ್ಲ. ದುರ್ಗಾಪೂಜೆಯ ರಾತ್ರಿ ಮಾತ್ರ ಮತ್ತೆ ತೂರಾಡುತ್ತ ಬಂದ. ನನ್ನ ಕೈ ಮೇಲೆದ್ದಿತ್ತು. ಇಳಿಸಿದೆ. ಬೆಳಿಗ್ಗೆ ಅಮಲು ಇಳಿದ ಮೇಲೆ, "ದಾದಾ, ಡಾಕ್ಟರ ಹತ್ತಿರ ಹೋಗೋಣ, ನಾನೂ ಬರ್ತೀನಿ" ಅಂದೆ.

"ಬೈಯೋದಿಲ್ವಾ?" ಅಂದ. ತಲೆ ತಗ್ಗಿಸಿ ಚಪ್ಪಲಿ ಹಾಕಿಕೊಂಡ.

ಸಾಲ ಈಗ ನಾನು ತೀರಿಸೋದಿಲ್ಲ, ಸುಳ್ಳೂ ಹೇಳೋದಿಲ್ಲ. ಆದರೆ ಆಸ್ಪತ್ರೆಯ ದಿನ ಬಸ್ಸಿನಲ್ಲಿ ಅವನ ಪಕ್ಕದ ಸೀಟು ನನ್ನದೇ. ಸಿನಿಮಾದ ಕುಡುಕ ಒಂದು ಹಾಡು ಮುಗಿಯೋದರೊಳಗೆ ಸುಧಾರಿಸುತ್ತಾನೆ. ಮನೆಯವನಿಗೆ ರೀಲು ಜಾಸ್ತಿ ಬೇಕು, ಗೆಳೆಯರೇ! ನಿಮ್ಮ ಮನೆಯಲ್ಲೂ ಇಂಥವರಿದ್ದರೆ 14446ಕ್ಕೆ ಫೋನ್ ಮಾಡಿ, ಕಾಸು ಬೀಳೋದಿಲ್ಲ. ಬೀಗ ಮಾತ್ರ ಹಾಕಬೇಡಿ.

ದಾದಾ ಮುಟ್ಟದೆ ಇವತ್ತಿಗೆ ನಾಲ್ಕು ತಿಂಗಳು. ಪಿಕ್ಚರ್ ಇನ್ನೂ ಮುಗಿದಿಲ್ಲ!