ಮುಂದಿನ ಮೊಬೈಲ್ ಹೇಗಿರುತ್ತೆ ಸರ್?

ಹೋದ ತಿಂಗಳು ಹೊಸನಗರ ತಾಲ್ಲೂಕಿನ ಒಂದು ಹೈಸ್ಕೂಲಿಗೆ ವರದಿಗೆ ಹೋಗಿದ್ದೆ. ಕಾರ್ಯಕ್ರಮ ಮುಗಿದ ಮೇಲೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಬಂದು, "ಸರ್, ಇನ್ನು ಹತ್ತು ವರ್ಷಕ್ಕೆ ಮೊಬೈಲ್ ಹೇಗಿರುತ್ತೆ?" ಅಂತ ಕೇಳಿದಳು. ಪೇಪರಿನವರಿಗೆ ಎಲ್ಲಾ ಗೊತ್ತಿರುತ್ತೆ ಅಂತ ಮಕ್ಕಳ ನಂಬಿಕೆ. ಏನೋ ಒಂದು ಹೇಳಿ ಬಂದೆ. ಸಮಾಧಾನ ಆಗಲಿಲ್ಲ.

ಯಾಕಂದ್ರೆ ಈ ಭವಿಷ್ಯ ಹೇಳುವ ಕೆಲಸ ಒಮ್ಮೆ ಮಾಡಿ ಸೋತವನು ನಾನು. 2016ರಲ್ಲಿ ಜಿಯೋ ಸಿಮ್‌ಗೆ ಜನ ಕ್ಯೂ ನಿಂತಿದ್ದಾಗ, ಡಿಪ್ಲೊಮಾ ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. "ಇನ್ನೈದು ವರ್ಷದಲ್ಲಿ ಸಿಗ್ನಲ್‌ಗಾಗಿ ಗುಡ್ಡ ಹತ್ತುವವರೇ ಇರುವುದಿಲ್ಲ" ಅಂತ ಬರೆದೆ. ಸರಿಯಾಗಿ ಐದನೇ ವರ್ಷ, 2021ರಲ್ಲಿ, ಆನ್‌ಲೈನ್ ಕ್ಲಾಸಿಗೆ ನಮ್ಮೂರ ಮಕ್ಕಳು ಮಳೆಯಲ್ಲಿ ಕೊಡೆ ಹಿಡಿದು ಗುಡ್ಡದ ಮೇಲೆ ಕೂತಿದ್ದರು. ಆ ಫೋಟೋ ತೆಗೆದು ಕಳಿಸಿದವನೂ ನಾನೇ.

ಎಲ್ಲಿ ತಪ್ಪಿದೆ? ಫೋನ್ ನೋಡಿದೆ, ಟವರ್ ನೋಡಲಿಲ್ಲ. 1973ರಲ್ಲಿ ನ್ಯೂಯಾರ್ಕಿನ ಬೀದಿಯಲ್ಲಿ ಮಾರ್ಟಿನ್ ಕೂಪರ್ ಕೈಯಲ್ಲಿ ಹಿಡಿದು ಮಾತಾಡಿದ ಫೋನಿನ ತೂಕ ಒಂದು ಕೆಜಿಯಷ್ಟಿತ್ತು. ನಮ್ಮ ದೇಶದ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು ಕಲ್ಕತ್ತೆಯಿಂದ ದೆಹಲಿಗೆ ಹೋಯಿತು. ಆಗ ಬಂದ ಕಾಲ್‌ಗೂ ದುಡ್ಡು ಕೊಡಬೇಕಿತ್ತು. ಅಲ್ಲಿಂದ ಇಲ್ಲಿಗೆ ಫೋನ್ ಎಷ್ಟೋ ಬದಲಾಯಿತು. ಆದರೆ ಗಾಳಿಯಲ್ಲಿ ಹೋಗುವ ತರಂಗದ ಗುಣ ಬದಲಾಗಲ್ಲ. ಫ್ರೀಕ್ವೆನ್ಸಿ ಕಡಿಮೆ ಇದ್ದರೆ ತರಂಗ ದೂರ ಹೋಗುತ್ತೆ, ಡೇಟಾ ಕಡಿಮೆ ಸಾಗಿಸುತ್ತೆ. ಫ್ರೀಕ್ವೆನ್ಸಿ ಹೆಚ್ಚಿದ್ದರೆ ಡೇಟಾ ಹೆಚ್ಚು, ದೂರ ಕಡಿಮೆ. ಗುಡ್ಡ, ಮರ, ಗೋಡೆ ಅಡ್ಡ ಬಂದರೆ ಸೊರಗಿಬಿಡುತ್ತೆ. 2022ರ ಅಕ್ಟೋಬರ್‌ನಲ್ಲಿ ಬಂದ 5ಜಿಯ ವೇಗಕ್ಕೆ ಟವರ್‌ಗಳು ಹತ್ತಿರ ಹತ್ತಿರ ಬೇಕಾಗಿದ್ದು ಇದಕ್ಕೇ. ಹತ್ತು ಮನೆಯ ಊರಿಗೆ ಅಷ್ಟು ಟವರ್ ಯಾರು ಹಾಕ್ತಾರೆ? 2030ರ ಹೊತ್ತಿಗೆ 6ಜಿ ತರುವ ತಯಾರಿ ನಡೀತಿದೆ. ಅದೂ ಮೊದಲು ಪೇಟೆಗೇ ಬರುತ್ತೆ ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ.

ಮಲೆನಾಡಿನವರಿಗೆ ಆಸೆ ಇರೋದು ಉಪಗ್ರಹದ ಮೇಲೆ. ಟಿವಿ ಡಿಶ್‌ಗೆ ಸಿಗ್ನಲ್ ಕೊಡುವ ಉಪಗ್ರಹ ಸುಮಾರು 36 ಸಾವಿರ ಕಿ.ಮೀ. ದೂರದಲ್ಲಿದೆ. ಸ್ಟಾರ್‌ಲಿಂಕ್‌ನಂಥವು ಸುಮಾರು 550 ಕಿ.ಮೀ. ಎತ್ತರದಲ್ಲೇ ಸುತ್ತುತ್ತವೆ. ಟವರ್ ಇಲ್ಲದ ಜಾಗದಿಂದ ಉಪಗ್ರಹದ ಮೂಲಕ ತುರ್ತು ಮೆಸೇಜ್ ಕಳಿಸುವುದು ಕೆಲವು ದೇಶಗಳಲ್ಲಿ ಐಫೋನಿಗೆ 2022ರಲ್ಲೇ ಬಂತು. ಮುಂದೆ ನಮ್ಮ ಸಾಧಾರಣ ಫೋನಿಗೂ ಬರುತ್ತೆ ಅಂತ ನನ್ನ ಅಂದಾಜು. ಒಂದೇ ಷರತ್ತು, ಆಕಾಶ ಕಾಣಬೇಕು. ಅಡಿಕೆ ತೋಟದ ಒಳಗೆ ನಿಂತರೆ ಆಗಲ್ಲ, ಅಂಗಳಕ್ಕೆ ಬರಬೇಕು.

ಇಷ್ಟೆಲ್ಲ ಓದಿಕೊಂಡವನ ಮನೆಯಲ್ಲಿ ಏನಾಯ್ತು, ಅದನ್ನೂ ಹೇಳ್ತೀನಿ.

ಎರಡು ವರ್ಷದ ಹಿಂದೆ ಜುಲೈ ಮಳೆ. ಊರಲ್ಲಿ ಮೂರು ದಿನದಿಂದ ಕರೆಂಟಿಲ್ಲ, ಟವರಿನ ಬ್ಯಾಟರಿಯೂ ಖಾಲಿ. ನಾನು ಶಿವಮೊಗ್ಗದಲ್ಲಿದ್ದೆ. ರಾತ್ರಿ ಊಟಕ್ಕೆ ಕೂತ ಅಪ್ಪನ ಮಾತು ತೊದಲಿತು, ಎಡಗೈ ಜೋತುಬಿತ್ತು. ಲಕ್ವ. ತಮ್ಮ ಆ ಮಳೆಯಲ್ಲೇ ಬೈಕ್ ತಗೊಂಡು ಗುಡ್ಡದ ಆಚೆ ಹೋಗಿ 108ಕ್ಕೆ ಫೋನ್ ಮಾಡುವಷ್ಟರಲ್ಲಿ ಎರಡು ಗಂಟೆ ಕಳೆದಿತ್ತು. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆಸ್ಪತ್ರೆ ಮುಟ್ಟುವಾಗ ಆ ಹೊತ್ತು ಮೀರಿತ್ತು.

ಆಮೇಲೆ ಒಂದು ದಿನ ತಮ್ಮನನ್ನ ಕೇಳಿದೆ, "ಅವತ್ತು ಫೋನಿನ ಮೇಲೆ ಏನಂತ ಇತ್ತು?"

"ಎಮರ್ಜೆನ್ಸಿ ಕಾಲ್ಸ್ ಓನ್ಲಿ ಅಂತ ಇತ್ತು ಕಣಣ್ಣ. ನೆಟ್‌ವರ್ಕ್ ಇಲ್ಲ ಅಂತ ತಾನೆ ಅದರರ್ಥ?"

ನಾನು ಮಾತಾಡಲಿಲ್ಲ. ನಮ್ಮ ಸಿಮ್ಮಿನ ಟವರ್ ಸತ್ತಿದ್ದರೂ ಬೇರೆ ಕಂಪನಿಯ ಟವರ್ ಅಲ್ಲಿಗೆ ಸಿಗ್ತಾ ಇದೆ ಅಂತ ಅದರರ್ಥ. ಅಡುಗೆಮನೆಯಲ್ಲೇ ನಿಂತು 112 ಒತ್ತಬಹುದಿತ್ತು. ನನಗೆ ಗೊತ್ತಿತ್ತು. ಜಿಲ್ಲೆಗೆಲ್ಲ ಸುದ್ದಿ ಹೇಳುವ ನಾನು ಸ್ವಂತ ತಮ್ಮನಿಗೆ ಇದೊಂದು ಹೇಳಿರಲಿಲ್ಲ.

ಅದಕ್ಕೇ ಈಗ ಆ ಹುಡುಗಿಗೆ ಉತ್ತರ ಹೀಗೆ ಹೇಳ್ತೀನಿ. ಹತ್ತು ವರ್ಷಕ್ಕೆ ಫೋನ್ ಇನ್ನೂ ಜಾಣ ಆಗುತ್ತಮ್ಮ, ಆಕಾಶದಿಂದಲೂ ಸಿಗ್ನಲ್ ಬರಬಹುದು. ಆದರೆ ಇವತ್ತು ರಾತ್ರಿ ಕೈಯಲ್ಲಿರುವ ಫೋನಿನಲ್ಲೇ ಆಗುವ ಕೆಲಸ ಎರಡಿದೆ. ಮನೆಗೆ ಫೈಬರ್ ಇಂಟರ್ನೆಟ್ ಬಂದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡು, ಟವರ್ ಇಲ್ಲದಿದ್ದರೂ ಕಾಲ್ ಹೋಗುತ್ತೆ. 'ಎಮರ್ಜೆನ್ಸಿ ಕಾಲ್ಸ್ ಓನ್ಲಿ' ಅಂತ ಕಂಡರೆ 112 ಹೋಗುತ್ತೆ ಅಂತ ಮನೆಯವರಿಗೆಲ್ಲ ಹೇಳಿಡು. ಸುಮ್ಮನೆ ಪರೀಕ್ಷೆ ಮಾಡೋಕೆ ಮಾತ್ರ ಒತ್ತಬೇಡ. 'ನೋ ಸರ್ವಿಸ್' ಅಂತ ಬಂದರೆ ಗುಡ್ಡವೇ ಗತಿ. ಅದನ್ನು ಬದಲಾಯಿಸೋಕೆ ಗ್ರಾಮಸಭೆಯಲ್ಲಿ ಟವರ್ ಜೊತೆಗೆ ಅದರ ಬ್ಯಾಟರಿ, ಡೀಸೆಲ್ ಬಗ್ಗೆಯೂ ಕೇಳಬೇಕು.

ಅಪ್ಪನ ಮಾತು ಈಗ ಸರಿಯಾಗಿದೆ. ಎಡಗೈ ಮಾತ್ರ ಪೂರ್ತಿ ಬಂದಿಲ್ಲ, ಬಲಗೈಲೇ ಫೋನ್ ಹಿಡೀತಾರೆ. ಆ ಫೋನಿನ ಹಿಂದೆ ಬಿಳಿ ಟೇಪ್ ಅಂಟಿಸಿ ದಪ್ಪಕ್ಷರದಲ್ಲಿ 112 ಅಂತ ಬರೆದಿದ್ದೀನಿ.