ಡಾಕ್ಟರ್ ಬರೋ ತನಕ

ಪರ್ತ್‌ನಲ್ಲಿದ್ದಾಗಿನ ಮಾತಿದು. ಕ್ರಿಕೆಟ್ ಕಾಮೆಂಟರಿ ಕೇಳುವವರಿಗೆ ‘ಫ್ರೀಮ್ಯಾಂಟಲ್ ಡಾಕ್ಟರ್’ ಹೆಸರು ಗೊತ್ತಿರುತ್ತೆ. ಬೇಸಿಗೆಯಲ್ಲಿ ನೆಲ ಕಾದ ಮೇಲೆ, ಮಧ್ಯಾಹ್ನದ ಹೊತ್ತಿಗೆ ಸಮುದ್ರದ ಕಡೆಯಿಂದ ನುಗ್ಗುವ ತಂಪು ಗಾಳಿ ಅದು. ವಾಕಾ ಮೈದಾನದ ಬೌಲರ್‌ಗಳಷ್ಟೇ ಸ್ವಾನ್ ನದಿಯ ದೋಣಿಯವರೂ ಅದನ್ನು ನೆಚ್ಚಿಕೊಂಡಿರುತ್ತಾರೆ. ಆ ಭಾನುವಾರ ಡಾಕ್ಟರ್ ಸಾಹೇಬರು ತಡ ಮಾಡಿದರು.

ನಾನು ಹತ್ತಿದ್ದು ಪಕ್ಕದ ಮನೆಯ ಹಿರಿಯರ ಕ್ಯಾಟಮರಾನ್, ಹೋಬಿ 16. ಎರಡು ಸಪೂರ ಒಡಲು, ನಡುವೆ ಬಿಗಿದು ಕಟ್ಟಿದ ಬಟ್ಟೆ, ಒಂದು ದೊಡ್ಡ ಹಾಯಿ, ಮುಂದೆ ಜಿಬ್ ಅನ್ನೋ ಚಿಕ್ಕ ಹಾಯಿ. ಉದ್ದ 5 ಮೀಟರ್, ತೂಕ ಸುಮಾರು 145 ಕಿಲೋ. ಗಾಳಿ ಜೋರಿದ್ದರೆ ಒಂದು ಒಡಲನ್ನು ನೀರಿನಿಂದ ಎತ್ತಿಕೊಂಡೇ ಓಡುತ್ತೆ. ಗಾಳಿ ಬಿತ್ತೋ, ಎರಡೂ ನೀರಿಗೆ ಅಂಟಿ ಕೂರುತ್ತವೆ.

ನದಿ ಅಗಲವಾಗಿ ಹರಡಿಕೊಳ್ಳುವ ಮೆಲ್ವಿಲ್ ವಾಟರ್‌ನಲ್ಲಿ ಪಂದ್ಯ. ಬೆಳಗಿನ ಮೂಡಣ ಗಾಳಿಗೆ ಎದುರಾಗಿ ಊರಿನ ಕಡೆ ಹೊರಟೆವು. ಅರ್ಧ ದಾರಿಯಲ್ಲಿ ಗಾಳಿ ಉಸಿರು ಬಿಟ್ಟಿತು. ಆಗ ನಾವು ಕೊನೆಯವರಲ್ಲಿ ಒಬ್ಬರು.

“ಮುಂದೆ ಹೋಗಿ ಕಂಬದ ಹತ್ತಿರ ಕೂತ್ಕೋ, ಹಾಯಿ ಇರೋ ಪಕ್ಕಕ್ಕೆ. ಅಲ್ಲಾಡಬೇಡ,” ಅಂದರು. ಭಾರ ಮುಂದಕ್ಕೆ ಬಂದರೆ ಹಿಂಭಾಗ ನೀರಿನಿಂದ ಸ್ವಲ್ಪ ಏಳುತ್ತೆ, ಎಳೆತ ಕಡಿಮೆಯಾಗುತ್ತೆ. ದೋಣಿ ಆ ಪಕ್ಕಕ್ಕೆ ವಾಲಿದರೆ ಹಾಯಿ ತನ್ನ ಭಾರಕ್ಕೇ ಉಬ್ಬಿಕೊಂಡು ನಿಲ್ಲುತ್ತೆ. ಕೂತವನು ಒಮ್ಮೆ ಕಾಲು ಚಾಚಿದರೂ ಸಾಕು, ಹಾಯಿ ನಡುಗಿ ಇದ್ದ ಚೂರು ಗಾಳಿಯನ್ನೂ ಚೆಲ್ಲಿಬಿಡುತ್ತೆ. ಮಂಡಿ ಮಡಿಸಿ ಕೂತೆ. ಒಂದು ಜೆಲ್ಲಿ ಮೀನು ಪಕ್ಕದಲ್ಲೇ ಬಂದು, ನಮ್ಮನ್ನು ದಾಟಿ ಹೋಯಿತು.

ಮುಂದಿದ್ದ ಹುಡುಗರಿಗೆ ತಾಳ್ಮೆ ಕೆಟ್ಟಿತ್ತು. ಗಾಳಿ ಸುಳಿದ ಕಡೆಗೆಲ್ಲ ದೋಣಿ ತಿರುಗಿಸುತ್ತಿದ್ದರು. ಇಂಥ ಹಗುರ ದೋಣಿಗೆ ತಿರುಗುವಾಗ ಓಟ ಉಳಿಯಲ್ಲ; ಮೂತಿ ಗಾಳಿಗೆ ಎದುರಾದೊಡನೆ ನಿಂತುಬಿಡುತ್ತೆ. ನಮ್ಮವರು ಅಪರೂಪಕ್ಕೆ ತಿರುಗಿಸಿದರು. ಆಗಲೂ ನನ್ನ ಕೈಲಿ ಜಿಬ್ಬನ್ನು ಹಳೆಯ ಪಕ್ಕದಲ್ಲೇ ಹಿಡಿಸಿ, ಅದಕ್ಕೆ ಗಾಳಿ ತಾಗಿ ಮೂತಿ ಪೂರ್ತಿ ಹೊರಳಿದ ಮೇಲೇ “ಬಿಡು” ಅಂದರು. ಉಳಿದ ಹೊತ್ತೆಲ್ಲ ಅವರ ಕಣ್ಣು ಹಾಯಿಗೆ ಅಂಟಿಸಿದ ಉಣ್ಣೆ ಎಳೆಯ ಮೇಲೆ. ಆಗಾಗ ಹಿಂದಕ್ಕೆ, ಫ್ರೀಮ್ಯಾಂಟಲ್ ಕಡೆಗೆ.

“ಬಂದ,” ಅಂದರು ಒಮ್ಮೆಲೇ. ಹಿಂದೆ, ದೂರದಲ್ಲಿ, ನೀರಿನ ಬಣ್ಣ ಕಪ್ಪಾಗುತ್ತಿತ್ತು. ಅದು ನಮ್ಮನ್ನು ಮುಟ್ಟುವ ಮುಂಚೆಯೇ ದೊಡ್ಡ ಹಾಯಿಯ ಹಗ್ಗ ಸಡಿಲಿಸಿ, ನನ್ನನ್ನು ಹಿಂದಕ್ಕೆ ಕರೆಸಿಕೊಂಡಿದ್ದರು. ಎದುರಿನಿಂದ ಬೀಸುತ್ತಿದ್ದ ಗಾಳಿ ಈಗ ಬೆನ್ನಿಗೆ ಬಿತ್ತು, ಅದೂ ಮೊದಲು ಹಿಂದಿದ್ದವರಿಗೆ. ಮುಂದಿದ್ದವರ ಹಾಯಿ ಇನ್ನೂ ಜೋತಾಡುತ್ತಿರುವಾಗಲೇ ನಾವು ಅವರ ನಡುವೆ ಸುರ್ರನೆ ನುಗ್ಗಿದೆವು. ಕೊನೆಗೆ ಮೂರನೆಯವರಾಗಿ ಗೆರೆ ದಾಟಿದೆವು.

ದಡದಲ್ಲಿ ಹುಡುಗರು “ಅದೃಷ್ಟ ಸ್ವಾಮಿ, ಬರೀ ಅದೃಷ್ಟ” ಅಂತ ರೇಗಿಸಿದರು. ಅರ್ಧ ಒಪ್ಪಿದೆ. ಇನ್ನರ್ಧ ಏನು ಅಂತ ನನ್ನ ಮಂಡಿಗೆ ಗೊತ್ತಿತ್ತು. ಮಾರನೇ ಬೆಳಿಗ್ಗೆ ಆಫೀಸಿನ ಮೆಟ್ಟಿಲನ್ನು ಕಂಬಿ ಹಿಡಿದುಕೊಂಡೇ ಹತ್ತಿದೆ.